ಬ್ಲೇಡ್ ಯಾವುದೆಂದು ಹೇಳಿ, ಹ್ಯಾಂಡಲ್ ಆಮೇಲೆ ನೋಡೋಣ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಕೇಳಿದ್ದು ಒಂದೇ ಮಾತು: ಕಾಗದ, ರಟ್ಟಿನ ಮಾಡೆಲ್ ಕೆಲಸಕ್ಕೆ ಯಾವ ಸ್ಕಾಲ್ಪೆಲ್ ಹ್ಯಾಂಡಲ್, ಅಂದರೆ ಆಪರೇಷನ್ ಚಾಕುವಿನ ಹಿಡಿಕೆ, ತಗೊಳ್ಳಬೇಕು? ಹಿಂದೆಯೂ ಉತ್ತರ ಕೊಟ್ಟಿದ್ದೇನೆ. ಆದರೂ ಮೊದಲು ಕೊಂಡುಬಿಟ್ಟು, ಬೆರಳು ಕೊಯ್ದುಕೊಂಡು, ಆಮೇಲೆ ಕೇಳುವವರು ಕಡಿಮೆಯಾಗಿಲ್ಲ. ಹಾಗಾಗಿ ಇವತ್ತಿನ ಹೆಚ್ಚಿನ ಜಾಗ ಇದಕ್ಕೇ. ಕಟಿಂಗ್ ಮ್ಯಾಟ್ ಬೇಕು, ಪ್ಲಾಸ್ಟಿಕ್ ಸ್ಕೇಲ್ ಬೇಡ ಎಂಬುದನ್ನೆಲ್ಲ ಮತ್ತೆ ಹೇಳುವುದಿಲ್ಲ.

ಪ್ರಶ್ನೆ: ಸರ, ನಾನು ಹುಬ್ಬಳ್ಳಿಯೊಳಗ ಆರ್ಕಿಟೆಕ್ಚರ್ ಓದ್ತೀನ್ರಿ. ಮೌಂಟ್ ಬೋರ್ಡ್ (ದಪ್ಪ ಕಾಗದದ ಹಾಳೆ), ಸನ್‌ಬೋರ್ಡ್ (ಫೋಮ್ ಹಾಳೆ) ಎರಡೂ ಕೊಯ್ಯೋದಿರ್ತದ. ಸರ್ಜಿಕಲ್ ಅಂಗಡಿಯಾಗ 4 ನಂಬರಿನ ಹ್ಯಾಂಡಲ್ ಕೊಟ್ರು, ದೊಡ್ಡದು, ಗಟ್ಟಿ ಅದ ಅಂದ್ರು. ಅದಕ್ಕ 11 ನಂಬರ್ ಬ್ಲೇಡ್ ಕೂಡವಲ್ದು. ಪ್ಲಾಯರ್ ಹಿಡಿದು ಒತ್ತಿದ್ರ ಬ್ಲೇಡ್ ಮುರಿದು ಹಾರಿ ಹೋತು. ಹ್ಯಾಂಡಲ್ ಖೊಟ್ಟಿ ಇರಬಹುದೇನ್ರಿ?

ಉತ್ತರ: ಹ್ಯಾಂಡಲ್ ಸರಿಯಾಗೇ ಇದೆ. ನೀವು ಅದಕ್ಕೆ ಸಂಬಂಧವಿಲ್ಲದ ಬ್ಲೇಡ್ ಒತ್ತಿದ್ದೀರಿ. ಹಾರಿದ ಚೂರು ಕಣ್ಣಿಗೆ ಬೀಳದ್ದು ನಿಮ್ಮ ಪುಣ್ಯ.

ಹ್ಯಾಂಡಲ್ ತುದಿಯಲ್ಲಿ ಕಿರಿದಾದ ನಾಲಿಗೆಯಂಥ ಭಾಗವಿದೆ, ಅದರ ಎರಡೂ ಬದಿಗೆ ಸಣ್ಣ ತೋಡು ಇದೆ. ಬ್ಲೇಡಿನ ನಡುವಿನ ಸೀಳು ಆ ತೋಡಿನೊಳಗೆ ಜಾರಿ ಕೂರಬೇಕು. ಅಮೆರಿಕದ ಮಾರ್ಗನ್ ಪಾರ್ಕರ್ 1915ರಲ್ಲಿ ಪೇಟೆಂಟ್ ಪಡೆದ ಜೋಡಣೆ ಇದು. ನಮ್ಮ ಅಂಗಡಿಗಳಲ್ಲಿ ಇವತ್ತಿಗೂ ಬಿ.ಪಿ. (ಬಾರ್ಡ್-ಪಾರ್ಕರ್) ಹ್ಯಾಂಡಲ್ ಎಂದೇ ಕೇಳಬೇಕು. ಈ ನಾಲಿಗೆಯಲ್ಲಿ ಎರಡು ಅಳತೆ. 3 ಮತ್ತು 7 ನಂಬರಿನ ಹ್ಯಾಂಡಲ್‌ಗಳದ್ದು ಸಣ್ಣದು. ಅವಕ್ಕೆ 10, 11, 12, 15 ನಂಬರಿನ ಬ್ಲೇಡ್. 4 ನಂಬರಿನದ್ದು ದೊಡ್ಡದು. ಅದಕ್ಕೆ 20ರಿಂದ ಮೇಲಿನ ಬ್ಲೇಡ್, 22, 23, 24 ಹೀಗೆ. ಇದು ಅದಕ್ಕೆ ಕೂರುವುದಿಲ್ಲ, ಅದು ಇದಕ್ಕೆ ಕೂರುವುದಿಲ್ಲ. ಎಷ್ಟು ಒತ್ತಿದರೂ ಅಷ್ಟೇ.

ಇಲ್ಲಿ ಇನ್ನೊಂದು ಗೊಂದಲವಿದೆ, ಆನ್‌ಲೈನ್‌ನಲ್ಲಿ ತರಿಸುವವರು ಅದರಲ್ಲೇ ಬೀಳುತ್ತಾರೆ. ಪೆನ್ನಿನಂಥ ದುಂಡು ಹಿಡಿಕೆಯ ಎಕ್ಸ್ಯಾಕ್ಟೋ ಮಾದರಿಯ ಕ್ರಾಫ್ಟ್ ಚಾಕುವಿಗೂ 11 ನಂಬರಿನ ಬ್ಲೇಡ್ ಇದೆ. ನಂಬರ್ ಒಂದೇ, ವಸ್ತು ಬೇರೆ. ಅದರ ಹಿಂಬದಿಯನ್ನು ಹಿಡಿಕೆಯ ಬಾಯಿಗೆ ಸಿಕ್ಕಿಸಿ ತಿರುಪು ಬಿಗಿ ಮಾಡುತ್ತಾರೆ. ಸ್ಕಾಲ್ಪೆಲ್ಲಿನ 11 ಆ ಬಾಯಿಗೆ ಸರಿಹೋಗುವುದಿಲ್ಲ, ಕ್ರಾಫ್ಟ್ ಚಾಕುವಿನ 11 ಬಿ.ಪಿ. ಹ್ಯಾಂಡಲ್‌ಗೆ ಸೇರುವುದಿಲ್ಲ. ನೂರು ಬ್ಲೇಡಿನ ಡಬ್ಬಿ ತರಿಸುವ ಮೊದಲು ಚಿತ್ರದಲ್ಲಿ ನಡುವೆ ಉದ್ದನೆಯ ಸೀಳು ಇದೆಯೇ ನೋಡಿ.

ಈಗ ಹ್ಯಾಂಡಲ್. ಹೆಚ್ಚಿನ ಕೆಲಸಕ್ಕೆ ನನ್ನ ಉತ್ತರ 3 ನಂಬರ್. ಉದ್ದ ಸುಮಾರು 12 ಸೆಂಟಿಮೀಟರ್, ಚಪ್ಪಟೆ, ಪೆನ್ಸಿಲ್ ಹಿಡಿದಂತೆ ಹಿಡಿಯಬಹುದು. ಚಪ್ಪಟೆಯಾಗಿರುವುದರಿಂದ ಮೇಜಿನ ಮೇಲೆ ಉರುಳುವುದಿಲ್ಲ. ದುಂಡು ಹಿಡಿಕೆ ಉರುಳುತ್ತದೆ, ಬ್ಲೇಡ್ ಕೆಳಗಾಗಿ ನೇರ ಪಾದಕ್ಕೆ ಬೀಳುತ್ತದೆ. ರಾತ್ರಿ ಸಬ್ಮಿಷನ್ ಕೆಲಸಕ್ಕೆ ಬರಿಗಾಲಲ್ಲಿ ಕೂರುವವರಿಗೆ ಈ ಒಂದೇ ಕಾರಣ ಸಾಕು. 7 ನಂಬರ್ ಉದ್ದ, ತೆಳು. ಜೋಡಿಸಿಯಾದ ಮಾಡೆಲ್ಲಿನ ಒಳಗೆ ತುದಿ ಹೋಗಬೇಕಾದಾಗ ಅದು ಬೇಕು. ಮೊದಲ ಹ್ಯಾಂಡಲ್ ಆಗಿ ಬೇಡ.

ಚಪ್ಪಟೆ ಹ್ಯಾಂಡಲ್‌ನಿಂದ ಎರಡು ತಾಸಿಗೆ ಬೆರಳು ನೋಯುತ್ತದೆ ಎಂಬ ದೂರು ನಿಜ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಹೀಟ್ ಶ್ರಿಂಕ್ ಸ್ಲೀವ್ ಎಂಬ, ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ ಸಿಗುತ್ತದೆ. ಬ್ಲೇಡ್ ತೆಗೆದಿಟ್ಟು, ಸ್ಲೀವ್ ತೊಡಿಸಿ, ಬಿಸಿ ಗಾಳಿ ಕೊಡಿ. ಹಿಡಿತ ಮೆತ್ತಗಾಗುತ್ತದೆ, ಬೆವರಿದ ಕೈ ಜಾರುವುದಿಲ್ಲ. ಡಮಾಸ್ಕಸ್ ಸ್ಟೀಲ್, ಏರೋಸ್ಪೇಸ್ ಟೈಟಾನಿಯಂ ಎಂದು ವಿಡಿಯೊದಲ್ಲಿ ಮಾರುವ ಭಾರದ ಹಿಡಿಕೆಗಳಿಗೆ ದುಡ್ಡು ಸುರಿಯಬೇಡಿ. ಕೊಯ್ಯುವುದು ಬ್ಲೇಡ್. ಭಾರ ಹೆಚ್ಚಾದಷ್ಟೂ ಕೈ ಬೇಗ ಸೋಲುತ್ತದೆ.

ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಬ್ಲೇಡಿನ ಬೆನ್ನನ್ನು ಆರ್ಟರಿ ಫೋರ್ಸೆಪ್ಸ್ ಎಂಬ ಸರ್ಜಿಕಲ್ ಇಕ್ಕಳದಿಂದ ಹಿಡಿದು ಜಾರಿಸಿದರೆ ಕಟ್ ಎಂದು ಕೂರಬೇಕು. ಬ್ಲೇಡಿನ ಓರೆ ಹಿಂತುದಿ, ಹ್ಯಾಂಡಲಿನ ಓರೆ ಭುಜಕ್ಕೆ ತಾಗಿರಬೇಕು. ಬೆಳಕಿಗೆ ಹಿಡಿದು ನೋಡಿ, ಫೋರ್ಸೆಪ್ಸ್‌ನಿಂದಲೇ ಮೆಲ್ಲಗೆ ಅಲ್ಲಾಡಿಸಿ. ಅಲುಗಾಡಿದರೆ ಅಲ್ಲೇ ವಾಪಸ್ ಕೊಡಿ. ಕೂದಲೆಳೆಯಷ್ಟು ಸಡಿಲವಿದ್ದರೂ ಗೆರೆ ಸೊಟ್ಟಗಾಗುತ್ತದೆ, ಅದನ್ನು ಸರಿಮಾಡಲು ನೀವು ಪಕ್ಕಕ್ಕೆ ಒತ್ತುತ್ತೀರಿ, ಬ್ಲೇಡ್ ಮುರಿಯುವುದು ಆಗಲೇ. ಈ ಉಕ್ಕು ಮೇಲಿಂದ ಬರುವ ಒತ್ತಡ ತಾಳುತ್ತದೆ, ಪಕ್ಕದ ತಿರುಚನ್ನು ತಾಳುವುದಿಲ್ಲ. ಕಣ್ಣು ಕಾಯುವ ಕನ್ನಡಕ ಹಾಕದೆ ಸ್ಕಾಲ್ಪೆಲ್ ಮುಟ್ಟಬೇಡಿ.

11 ನಂಬರಿನ ಬ್ಲೇಡ್ ನೇರ ಅಂಚಿನದು, ತುದಿ ಸೂಜಿಯಂಥದ್ದು, ಸಣ್ಣ ಕಿಂಡಿಗಳಿಗೆ ಅದೇ. ಲಕ್ಕುಂಡಿಯ ಕಾಶಿ ವಿಶ್ವೇಶ್ವರ ಗುಡಿಯ ಬಾಗಿಲವಾಡವನ್ನು ಕಾಗದದ ಪದರುಗಳಲ್ಲಿ ಮಾಡುವಾಗ ಒಂದೊಂದು ಪಟ್ಟಿಗೂ ಒಳಮೂಲೆಗಳು ಬರುತ್ತವೆ. ಮೂಲೆಯ ಕಡೆಗೆ ಕೊಯ್ಯುತ್ತ ಹೋದರೆ ಗೆರೆ ದಾಟಿಯೇ ದಾಟುತ್ತದೆ. ತುದಿಯನ್ನು ಮೂಲೆಯಲ್ಲೇ ಊರಿ ಹೊರಗೆ ಎಳೆಯಿರಿ, ಹಾಳೆ ತಿರುಗಿಸಿ ಎದುರು ಮೂಲೆಯಿಂದ ಮತ್ತೆ ಎಳೆಯಿರಿ, ಎರಡೂ ಗೆರೆ ನಡುವೆ ಕೂಡಲಿ. ಒಂದೇ ಸಲಕ್ಕೆ ಕೊಯ್ಯುವ ಹಟ ಬೇಡ. ಮೌಂಟ್ ಬೋರ್ಡ್‌ಗೆ ಮೂರು ನಾಲ್ಕು ಹಗುರ ಎಳೆತ ಬೇಕೇ ಬೇಕು. ಬಾಗಿದ ಗೆರೆಗೆ 15 ಇಟ್ಟುಕೊಳ್ಳಿ.

ಇನ್ನು ನಿಮ್ಮ ಸನ್‌ಬೋರ್ಡ್. 5 ಮಿಲಿಮೀಟರಿನ ಹಾಳೆಗೆ ಸ್ಕಾಲ್ಪೆಲ್ಲೇ ಬೇಡ. ತೆಳು ಬ್ಲೇಡ್ ಒಳಗೆ ಬಾಗುತ್ತದೆ, ಅಂಚು ಓರೆಯಾಗುತ್ತದೆ, ಗೋಡೆಗೆ ಗೋಡೆ ಕೂಡುವುದಿಲ್ಲ. ಅದಕ್ಕೆ 18 ಮಿಲಿಮೀಟರ್ ಅಗಲದ ಬ್ಲೇಡಿನ ಕಟರ್ ತಗೊಳ್ಳಿ. ನಿಮ್ಮ 4 ನಂಬರಿನ ಹ್ಯಾಂಡಲ್ ಎಸೆಯಬೇಡಿ, 23 ಹಾಕಿ ರಟ್ಟು ಕೊಯ್ಯಿರಿ.

ಕೊನೆಗೆ, ಬ್ಲೇಡ್ ಬಿಚ್ಚುವುದು. ನನ್ನ ಬಳಿ ಕಲಿತವರ ಕೈಗೆ ಆದ ಗಾಯಗಳಲ್ಲಿ ಹೆಚ್ಚಿನವು ಕೊಯ್ಯುವಾಗ ಆದವಲ್ಲ, ಬಿಚ್ಚುವಾಗ ಆದವು. ಬರಿಗೈ ಬೇಡವೇ ಬೇಡ. ತುದಿ ನಿಮ್ಮಿಂದಲೂ ಪಕ್ಕದವರಿಂದಲೂ ಆಚೆ ಇರಲಿ, ಬ್ಲೇಡಿನ ಹಿಂತುದಿಯನ್ನು ಫೋರ್ಸೆಪ್ಸ್‌ನಿಂದ ತುಸು ಎತ್ತಿ ಮುಂದಕ್ಕೆ ಜಾರಿಸಿ. ಹ್ಯಾಂಡಲ್ ಕೊಳ್ಳುವ ದಿನವೇ ಫೋರ್ಸೆಪ್ಸ್ ಕೊಳ್ಳಿ. ಅದಕ್ಕೆ ದುಡ್ಡಿಲ್ಲದಿದ್ದರೆ ಹ್ಯಾಂಡಲ್ ಮುಂದಿನ ತಿಂಗಳು ತಗೊಳ್ಳಿ.

ಪ್ರಶ್ನೆ: ಕಾರ್ಬನ್ ಸ್ಟೀಲ್ ಬ್ಲೇಡೋ, ಸ್ಟೇನ್‌ಲೆಸ್ಸೋ? (ಧಾರವಾಡ)

ಉತ್ತರ: ಕಾಗದಕ್ಕೆ ಕಾರ್ಬನ್. ಹರಿತ ಹೆಚ್ಚು. ಆದರೆ ನಿಮ್ಮೂರಿನ ಜಿಟಿಜಿಟಿ ಮಳೆಗೆ ಬೇಗ ತುಕ್ಕು ಹಿಡಿಯುತ್ತದೆ, ಬೇಕಾದಾಗಷ್ಟೇ ಪೊಟ್ಟಣ ಒಡೆಯಿರಿ.

ಪ್ರಶ್ನೆ: ಮೊಂಡಾದ ಬ್ಲೇಡನ್ನು ಸಾಣೆ ಹಿಡಿಯಬಹುದೇ? ಮೊಂಡು ಬ್ಲೇಡ್ ಸುರಕ್ಷಿತ ಅಂತಾರಲ್ಲ? (ಗದಗ)

ಉತ್ತರ: ಎರಡಕ್ಕೂ ಇಲ್ಲ. ಮೊಂಡಾದರೆ ಜೋರು ಹಾಕುತ್ತೀರಿ, ಜಾರಿದಾಗ ಆ ಜೋರೆಲ್ಲ ಎಡಗೈಗೆ. ಬದಲಾಯಿಸಿ.

ಪ್ರಶ್ನೆ: ಆಸ್ಪತ್ರೆಯಲ್ಲಿ ಒಮ್ಮೆ ಬಳಸಿದ ಬ್ಲೇಡ್ ಒಬ್ಬರು ಅಗ್ಗಕ್ಕೆ ಕೊಡ್ತೀನಿ ಅಂದಿದ್ದಾರೆ. ಕುದಿಸಿಕೊಂಡರೆ ನಡೀತದಂತೆ. (ಹಾವೇರಿ)

ಉತ್ತರ: ನಡೆಯುವುದಿಲ್ಲ. ಹಾಗೆ ಹೇಳಿದವರ ಮಾತು ಇನ್ನು ಯಾವುದಕ್ಕೂ ಕೇಳಬೇಡಿ. ಅದು ರೋಗಿಯ ರಕ್ತ ತಾಗಿದ ಉಕ್ಕು. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಹರಡುವ ದಾರಿಯೇ ಇಂಥ ಗೀರು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಇಂಥ ಚೂಪು ಲೋಹ ಬಿಳಿಯ, ಚುಚ್ಚಿದರೂ ತೂತಾಗದ ಡಬ್ಬಿಗೆ ಹೋಗಬೇಕು. ಹೊರಗೆ ಮಾರುವಂತಿಲ್ಲ. ಆಸ್ಪತ್ರೆಯ ಆಡಳಿತಕ್ಕೆ ಇವತ್ತೇ ತಿಳಿಸಿ.

ಪ್ರಶ್ನೆ: ಬೆರಳು ಕೊಯ್ದರೆ ಅರಿಷಿಣ ಒತ್ತಿದರೆ ಸಾಕಲ್ಲವೇ?

ಉತ್ತರ: ಅರಿಷಿಣ, ಕಾಫಿಪುಡಿ ಏನೂ ತುಂಬಬೇಡಿ. ಹರಿಯುವ ನೀರಲ್ಲಿ ತೊಳೆದು, ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ. ರಕ್ತ ನಿಲ್ಲದಿದ್ದರೆ, ಬೆರಳು ಮಡಚಲು ಬಾರದಿದ್ದರೆ, ತುದಿ ಜೋಮು ಹಿಡಿದರೆ ನೇರ ಆಸ್ಪತ್ರೆಗೆ. ಸ್ಕಾಲ್ಪೆಲ್ ಗಾಯ ಹೊರಗೆ ಸಣ್ಣದು, ಒಳಗೆ ನರದವರೆಗೂ ಹೋಗಿರಬಹುದು. ಟಿಟಿ ಯಾವಾಗ ಹಾಕಿಸಿದ್ದೆಂದು ನೆನಪಿಲ್ಲದಿದ್ದರೆ ವೈದ್ಯರಿಗೆ ಅದನ್ನೂ ಹೇಳಿ.

ಪ್ರಶ್ನೆ: ಮಗನಿಗೆ ಎಂಟು ವರ್ಷ. ಶಾಲೆಯ ಪ್ರದರ್ಶನಕ್ಕೆ ಯಾವ ಸ್ಕಾಲ್ಪೆಲ್ ಕೊಡಿಸಲಿ?

ಉತ್ತರ: ಯಾವುದೂ ಬೇಡ. ಕತ್ತರಿ.

ಪ್ರಶ್ನೆ: ಹಳೆಯ ಬ್ಲೇಡ್ ಎಲ್ಲಿ ಹಾಕಲಿ?

ಉತ್ತರ: ಒಣ ಕಸಕ್ಕೂ ಬೇಡ, ಹಸಿ ಕಸಕ್ಕೂ ಬೇಡ. ಕಸ ವಿಂಗಡಿಸುವವರು ಕೈಯಿಂದಲೇ ಆರಿಸುತ್ತಾರೆ. ದಪ್ಪ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳಕ್ಕೆ ಸೀಳು ಹಾಕಿ ಅದರಲ್ಲಿ ಕೂಡಿಸುತ್ತ ಹೋಗಿ. ತುಂಬಿದ ಮೇಲೆ ಸೀಳಿಗೆ ಟೇಪ್ ಸುತ್ತಿ, ಮೇಲೆ ದೊಡ್ಡದಾಗಿ ಬ್ಲೇಡ್ ಎಂದು ಬರೆದು, ಕಸದ ಗಾಡಿ ಬಂದಾಗ ಪೌರಕಾರ್ಮಿಕರಿಗೆ ಬಾಯಿಬಿಟ್ಟು ಹೇಳಿ ಬೇರೆಯಾಗಿ ಕೈಗೆ ಕೊಡಿ.