ಮೇಷ್ಟ್ರನ್ನ ಕೇಳಿ: ಸೆಂಡ್ ಆಫ್ ತಿಂಗಳ ಪತ್ರಗಳು

ಫೆಬ್ರವರಿ ಬಂತು ಅಂದರೆ ಈ ಅಂಕಣಕ್ಕೆ ಬರೋ ಪತ್ರಗಳ ಧಾಟಿಯೇ ಬೇರೆ. ಜಮೀನಿನ ತಕರಾರು, ಅತ್ತೆ ಸೊಸೆ ಮುನಿಸು, ಮಗ ಮಾತು ಕೇಳಲ್ಲ ಅನ್ನೋದೆಲ್ಲ ಹಿಂದೆ ಸರಿದು ಎಸ್ಸೆಸ್ಸೆಲ್ಸಿ ಮಕ್ಕಳದ್ದೇ ಕಾರುಬಾರು. ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವನು. ಹೆಚ್ಚುಕಮ್ಮಿ ಅಷ್ಟೇ ಸಲ ಬೀಳ್ಕೊಡುಗೆಯಲ್ಲಿ ಕೂತಿದ್ದೇನೆ, ಅಷ್ಟೇ ಸಲ ಪೇಪರ್ ತಟ್ಟೆಯಲ್ಲಿ ಖಾರಾಬೂಂದಿ, ಮೈಸೂರ್‌ಪಾಕು ತಿಂದಿದ್ದೇನೆ. ಹಾಗಾಗಿ ಈ ಸಲ ಪೂರ್ತಿ ಇವೇ ಪತ್ರಗಳು.

ಪ್ರಶ್ನೆ: ಸರ್, ನಮ್ಮದು ಸರ್ಕಾರಿ ಪ್ರೌಢಶಾಲೆ. ಹತ್ತನೇ ಕ್ಲಾಸಿನಲ್ಲಿ 38 ಜನ ಇದ್ದೇವೆ. ಸೆಂಡ್ ಆಫ್ ದಿನ ಎಲ್ಲರ ಪರವಾಗಿ ನಾನು ಮಾತಾಡಬೇಕು. ಯೂಟ್ಯೂಬ್‌ನಲ್ಲಿ ಹುಡುಕಿದೆ, ಎಲ್ಲಾ ಭಾಷಣಗಳೂ ಒಂದೇ ತರ ಇವೆ. ಮಧ್ಯದಲ್ಲಿ ಅಳು ಬಂದುಬಿಟ್ಟರೆ ಅನ್ನೋ ಭಯ ಬೇರೆ. ಏನು ಮಾತಾಡಲಿ?
– ಹತ್ತನೇ ಕ್ಲಾಸಿನ ಹುಡುಗಿ, ಹಾಸನ ಜಿಲ್ಲೆ

ಉತ್ತರ: ಯೂಟ್ಯೂಬ್ ಭಾಷಣ ನನಗೆ ಬಾಯಿಪಾಠ ಆಗಿದೆ ಕಣಮ್ಮ. ‘ಗುರುಬ್ರಹ್ಮ ಗುರುವಿಷ್ಣು’ವಿನಿಂದ ಶುರು, ಆಮೇಲೆ ‘ವೇದಿಕೆ ಮೇಲಿರುವ ಗಣ್ಯರೇ’, ಅದಾದ ಮೇಲೆ ‘ಕಲ್ಲಾಗಿದ್ದ ನಮ್ಮನ್ನು ಶಿಲೆಯಾಗಿ ಮಾಡಿದ ಗುರುಗಳೇ’. ಕಲ್ಲೂ ಶಿಲೆಯೂ ಒಂದೇ ಅಂತ ಇಷ್ಟು ವರ್ಷದಲ್ಲಿ ಒಬ್ಬರಿಗೂ ಹೊಳೆದಿಲ್ಲ. ಕನ್ನಡ ಮೇಷ್ಟ್ರಾಗಿ ನಾನು ಮುಂದಿನ ಸಾಲಿನಲ್ಲಿ ಕೂತು ತಲೆ ಆಡಿಸಿದ್ದೇನೆ, ಬೇರೆ ದಾರಿ ಇರಲಿಲ್ಲ.

ನೀನು ಒಂದು ಕೆಲಸ ಮಾಡು. ನಿಮ್ಮ 38 ಜನಕ್ಕೆ ಮಾತ್ರ ಗೊತ್ತಿರೋದನ್ನ ಬರಿ. ಲೆಕ್ಕ ಹಾಕಿ ನೋಡು, ನೀವು ಒಂದನೇ ಕ್ಲಾಸಿಗೆ ಸೇರಿದ್ದು 2016ರಲ್ಲಿ. ಕ್ಷೀರಭಾಗ್ಯ 2013ರ ಆಗಸ್ಟ್‌ನಲ್ಲೇ ಶುರುವಾಗಿತ್ತು, ಅಂದರೆ ಸ್ಕೂಲಿಗೆ ಕಾಲಿಟ್ಟಾಗಿನಿಂದ ಪುಡಿ ಹಾಲು ಕುಡಿದುಕೊಂಡೇ ಬೆಳೆದವರು ನೀವು. 150 ಎಂಎಲ್ ಬಿಸಿ ಹಾಲು, ಸುಡೋ ಸ್ಟೀಲ್ ಲೋಟ, ಅದನ್ನ ಹಿಡಿಯೋಕೆ ಲಂಗದ ತುದಿ. ವಾಸನೆಗೇ ಮುಖ ಸಿಂಡರಿಸೋ ಒಬ್ಬ, ಅವನ ಪಾಲನ್ನೂ ಗಟಗಟ ಕುಡಿಯೋ ಇನ್ನೊಬ್ಬ. ಇಬ್ಬರೂ ನಿಮ್ಮ ಕ್ಲಾಸಿನಲ್ಲಿ ಇದ್ದೇ ಇರುತ್ತಾರೆ, ಹೆಸರು ಹಿಡಿದು ಹೇಳು. ನೀವು ಎಂಟನೇ ಕ್ಲಾಸಿನಲ್ಲಿದ್ದಾಗ, 2024ರ ಫೆಬ್ರವರಿಯಲ್ಲಿ, ಅದೇ ಹಾಲಿಗೆ ರಾಗಿ ಮಾಲ್ಟ್ ಸೇರಿತು. ಹೈಸ್ಕೂಲಿಗೂ ಮೊಟ್ಟೆ ಬಂತು, ತಿನ್ನದವರಿಗೆ ಬಾಳೆಹಣ್ಣು. ಮನೆಯಲ್ಲಿ ಹೇಳದೆ ಮೊಟ್ಟೆಗೆ ಕೈ ಎತ್ತಿದವರು ಯಾರ್ಯಾರು ಅನ್ನೋದನ್ನ ಮಾತ್ರ ಸ್ಟೇಜ್ ಮೇಲೆ ಹೇಳಬೇಡ. ಅಪ್ಪ ಅಮ್ಮಂದಿರೂ ಬಂದಿರುತ್ತಾರೆ!

ಇನ್ನೊಂದು ವಿಷಯ ನಿಮ್ಮ ಬ್ಯಾಚಿನದ್ದೇ. 2020ರ ಮಾರ್ಚ್‌ನಲ್ಲಿ ಸ್ಕೂಲಿಗೆ ಬೀಗ ಬಿದ್ದಾಗ ನೀವು ನಾಲ್ಕನೇ ಕ್ಲಾಸು. ಆ ಆಗಸ್ಟ್‌ನಲ್ಲಿ ವಿದ್ಯಾಗಮ ಅಂತ ಬಂತು. ಟೀಚರ್‌ಗಳೇ ಊರೂರಿಗೆ ಬಂದು ದೇವಸ್ಥಾನದ ಜಗಲಿ, ಅರಳೀಕಟ್ಟೆ, ಸಮುದಾಯ ಭವನ ಅಂತ ಸಿಕ್ಕಿದ ಕಡೆ ಮಕ್ಕಳನ್ನ ಕೂರಿಸಿ ಪಾಠ ಮಾಡಿದರು. ಅಕ್ಟೋಬರ್‌ನಲ್ಲಿ ಅದೂ ನಿಂತಿತು. ನೀವು ವಾಪಸ್ ಕ್ಲಾಸ್‌ರೂಮಿಗೆ ಬಂದಿದ್ದು 2021ರ ಸೆಪ್ಟೆಂಬರ್‌ನಲ್ಲಿ, ಆಗಲೇ ಆರನೇ ಕ್ಲಾಸು. ಐದನೇ ಕ್ಲಾಸಿನ ರೂಮೇ ನೋಡದೆ ಐದನೇ ಕ್ಲಾಸು ಪಾಸಾದವರು ನೀವು. ಇದನ್ನ ನಿಮ್ಮ ಹಿಂದಿನ ಬ್ಯಾಚಿನವರೂ ಹೇಳೋಕಾಗಲ್ಲ, ಮುಂದಿನವರೂ ಹೇಳೋಕಾಗಲ್ಲ.

ಅದೇ ವರ್ಷ ನನ್ನ ನಿವೃತ್ತಿ. ನಾನು ಮಾಡಿದ ಕೊನೆ ಕೊನೆಯ ಪಾಠಗಳು ಅರಳೀಕಟ್ಟೆ ಮೇಲೇ ಆಗಿದ್ದು. ನಾಗರಕಲ್ಲಿನ ಪಕ್ಕ ಬೋರ್ಡು ಒರಗಿಸಿಕೊಂಡು ಸಮಾಸ ಹೇಳುತ್ತಿದ್ದೆ. ಮಕ್ಕಳೆಲ್ಲ ಮಾಸ್ಕ್ ಒಳಗೆ, ಯಾರು ಉತ್ತರ ಹೇಳಿದರು ಅಂತಾನೇ ಗೊತ್ತಾಗುತ್ತಿರಲಿಲ್ಲ. ಹಿಂದಿನಿಂದ ಬಂದ ಒಂದು ಮೇಕೆ ಒಬ್ಬ ಹುಡುಗಿಯ ನೋಟ್‌ಬುಕ್ಕಿನ ಎರಡು ಹಾಳೆ ತಿಂದುಹಾಕಿತು. ಮುಂದಿನ ವಾರ ಅವಳಿಗೆ ಸಮಾಸದ ಪ್ರಶ್ನೆ ಕೇಳಿದರೆ, ‘ಸರ್, ಅದನ್ನ ಮೇಕೆ ಕಲ್ತ್ಕೊಂಡು ಹೋಯ್ತು’ ಅಂದಳು. ನನ್ನ ಇಡೀ ಸರ್ವೀಸಿನಲ್ಲಿ ಅಂಥ ಉತ್ತರ ಸಿಕ್ಕಿಲ್ಲ. ನಿಮ್ಮ ಮೇಕೆ ಯಾವುದು ಅಂತ ಹುಡುಕು, ಭಾಷಣ ತಾನಾಗೇ ಬರುತ್ತೆ.

ಅಳು ಬಂದರೆ ನಿಲ್ಲಿಸು, ನೀರು ಕುಡಿ, ಮತ್ತೆ ಶುರು ಮಾಡು. ಮೂರು ನಿಮಿಷ ಸಾಕು, ಜಾಸ್ತಿ ಬೇಡ. ಬಿಸಿಯೂಟದ ಅಡುಗೆಯವರ ಹೆಸರು ಬಿಡಬೇಡ. ಸೆಂಡ್ ಆಫ್ ದಿನ ಅವರಿಗೆ ಕುರ್ಚಿ ಹಾಕಿರಲ್ಲ, ಅಡುಗೆಮನೆಯಲ್ಲೇ ಇರುತ್ತಾರೆ. ಮೈಕಿನ ಸದ್ದು ಅಲ್ಲಿಗೂ ಕೇಳುತ್ತೆ.

ಪ್ರಶ್ನೆ: ಎರಡು ವರ್ಷದ ಹಿಂದೆ ದೊಡ್ಡ ಮಗ ಕೊನೆ ಪರೀಕ್ಷೆ ಮುಗಿಸಿ ಬಂದಾಗ ಯೂನಿಫಾರಂ ಅಂಗಿ ತುಂಬ ಮಾರ್ಕರ್ ಪೆನ್ನಲ್ಲಿ ಗೆಳೆಯರ ಸಹಿ. ತಮ್ಮನಿಗೆ ಆಗುತ್ತಿದ್ದ ಅಂಗಿ ಹಾಳಾಯಿತು. ಈಗ ಚಿಕ್ಕವನ ಸರದಿ. ಹೇಗೆ ತಡೆಯೋದು?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ತಡೆಯೋಕಾಗಲ್ಲಮ್ಮ. ಅವರಪ್ಪನ ಹಳೇ ಬಿಳಿ ಶರ್ಟು ಒಂದನ್ನ ಬ್ಯಾಗಿನಲ್ಲಿ ಇಟ್ಟು ಕಳಿಸಿ, ಬೇಕಾದ್ದು ಬರೆಸಿಕೊಳ್ಳಲಿ. ಕಾಲರ್ ಒಳಗೆ ಚಿಕ್ಕ ಅಕ್ಷರದಲ್ಲಿ ಏನಾದರೂ ಬರೆದಿದ್ದು ಕಂಡರೆ ಕಾಣದವರ ಹಾಗೆ ಇದ್ದುಬಿಡಿ. ದೊಡ್ಡವನ ಅಂಗಿ ಇನ್ನೂ ಇದೆಯಾ? ನೆಲ ಒರೆಸೋಕೆ ಹಾಕಿಲ್ಲ ತಾನೇ?

ಪ್ರಶ್ನೆ: ನಮ್ಮ ಬ್ಯಾಚಿನಿಂದ ಸ್ಕೂಲಿಗೆ ನೆನಪಿನ ಕಾಣಿಕೆ ಕೊಡಬೇಕು ಅಂತ ತಲೆಗೆ 100 ರೂಪಾಯಿ ಹಾಕಿದ್ದೇವೆ. ಗೋಡೆ ಗಡಿಯಾರ ಅಂತ ಅರ್ಧ ಜನ, ಸರಸ್ವತಿ ಫೋಟೋ ಅಂತ ಅರ್ಧ ಜನ. ನೀವೇ ತೀರ್ಮಾನ ಹೇಳಿ.
– ಕ್ಲಾಸ್ ಲೀಡರ್, ತುಮಕೂರು ಜಿಲ್ಲೆ

ಉತ್ತರ: ಎರಡೂ ಬೇಡ. ನಾನಿದ್ದ ಒಂದು ಸ್ಕೂಲಿನ ಸ್ಟಾಫ್‌ರೂಮಿನಲ್ಲಿ ಏಳು ಗಡಿಯಾರ ಇದ್ದವು, ಏಳೂ ಬೇರೆ ಬೇರೆ ಟೈಮ್ ತೋರಿಸುತ್ತಿದ್ದವು. ಪ್ರತಿಯೊಂದರ ಕೆಳಗೂ ‘ಇಂತಿಂಥ ಸಾಲಿನ ವಿದ್ಯಾರ್ಥಿಗಳ ಕೊಡುಗೆ’. ಸೆಲ್ ಹಾಕಿಸೋಕೆ ಮಾತ್ರ ಯಾರ ಕೊಡುಗೆಯೂ ಇರಲಿಲ್ಲ. ಹೆಡ್‌ಮಾಸ್ತರ್ ಹತ್ತಿರ ಹೋಗಿ ಏನು ಕೆಟ್ಟಿದೆ ಅಂತ ಕೇಳಿ. ಹುಡುಗಿಯರ ಶೌಚಾಲಯದ ಚಿಲಕ, ಕೈ ತೊಳೆಯೋ ಕಡೆ ನಲ್ಲಿ, ಹರಿದ ವಾಲಿಬಾಲ್ ನೆಟ್ಟು. ನಿಮ್ಮ ದುಡ್ಡಿನಲ್ಲಿ ಇಷ್ಟೂ ಆಗಬಹುದು. ಹೆಸರು ಬರೆಸೋಕೆ ಜಾಗ ಇರಲ್ಲ, ಅದೊಂದೇ ತೊಂದರೆ.

ಪ್ರಶ್ನೆ: ಎಂಟನೇ ಕ್ಲಾಸಿನಿಂದ ನನ್ನ ಪಕ್ಕ ಕೂರೋ ಗೆಳತಿ ಸೆಂಡ್ ಆಫ್ ಫೋಟೋಗೆ ಬರಲ್ಲ ಅಂತಿದ್ದಾಳೆ. ಪರೀಕ್ಷೆ ಮುಗಿದ ಮೇಲೆ ಅವಳ ಮದುವೆಯಂತೆ, ಮನೆಯಲ್ಲಿ ಮಾತುಕತೆ ಆಗಿದೆ. ಅವಳಿಗೆ ಈಗ ಹದಿನಾರು. ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡಿದ್ದಾಳೆ.
– ಹೆಸರು, ಊರು ಬೇಡ

ಉತ್ತರ: ನನಗೆ ಹೇಳಿದೆಯಲ್ಲ, ಆಣೆ ಮುರಿದಾಯಿತು. ಒಳ್ಳೇದೇ ಆಯಿತು. ಹದಿನೆಂಟು ತುಂಬದ ಹುಡುಗಿಯ ಮದುವೆ ಕಾನೂನಿನ ಪ್ರಕಾರ ಅಪರಾಧ. ಮಾಡಿಸಿದವರಿಗೂ ಶಿಕ್ಷೆ ಇದೆ. 1098ಕ್ಕೆ ಫೋನ್ ಮಾಡು. ಅದು ಮಕ್ಕಳ ಸಹಾಯವಾಣಿ, ದುಡ್ಡು ಬೀಳಲ್ಲ, ರಾತ್ರಿಯೂ ಎತ್ತುತ್ತಾರೆ. ನೀನು ಯಾರು ಅಂತ ಅವಳ ಮನೆಯವರಿಗೆ ಹೇಳಲ್ಲ. ಫೋನ್ ಮಾಡೋಕೆ ಧೈರ್ಯ ಸಾಲದಿದ್ದರೆ ನಿನಗೆ ನಂಬಿಕೆ ಇರೋ ಒಬ್ಬ ಟೀಚರ್‌ಗೆ ಹೇಳು, ಇವತ್ತೇ ಹೇಳು, ಪರೀಕ್ಷೆ ಮುಗಿಯಲಿ ಅಂತ ಕಾಯಬೇಡ. ಪರೀಕ್ಷೆ ಮುಗಿದ ಮೇಲೆ ಹಾಜರಿ ಪುಸ್ತಕ ಇರಲ್ಲ, ಅವಳು ಬಂದಿಲ್ಲ ಅಂತ ಕೇಳೋರು ಯಾರೂ ಇರಲ್ಲ. ಇಂಥ ಮದುವೆಗಳು ಏಪ್ರಿಲ್, ಮೇನಲ್ಲಿ ಆಗೋದು ಸುಮ್ಮನೆ ಅಲ್ಲ.

ಮನೆಯವರು ಸಾಮಾನ್ಯವಾಗಿ ಮೂರು ಕಾರಣ ಹೇಳುತ್ತಾರೆ. ಕಾಲೇಜು ದೂರ, ಬಸ್ಸಿಗೆ ದುಡ್ಡಿಲ್ಲ, ಹೇಗೂ ಫೇಲಾಗ್ತಾಳೆ. ದೂರ ಅನ್ನೋದು ನಿಜ ಇರಬಹುದು. ಬಸ್ಸಿನ ಮಾತು ಈಗ ನಡೆಯಲ್ಲ, 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸು ಫ್ರೀ. ಫೇಲಾದರೆ ಅಂತೀರಾ, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಇಡುತ್ತಾರೆ. ಒಂದರಲ್ಲಿ ಹೋದರೆ ಇನ್ನೊಂದು ಇದೆ. ಇದನ್ನೆಲ್ಲ ಅವರ ಮನೆಗೆ ಹೋಗಿ ಹೇಳಬೇಕಾದವಳು ನೀನಲ್ಲ, ದೊಡ್ಡವರು. ನೀನು ಅವಳ ಪಕ್ಕ ಕೂತಿರು, ಸಾಕು. ಫೋಟೋ ದಿನ ಅವಳನ್ನ ಕರಕೊಂಡು ಬಾ.

ಪ್ರಶ್ನೆ: ನಮ್ಮದು 2010ರ ಎಸ್ಸೆಸ್ಸೆಲ್ಸಿ ಬ್ಯಾಚು. ಗುರುವಂದನೆ ಮಾಡೋಣ ಅಂತ ವಾಟ್ಸಾಪ್ ಗ್ರೂಪ್ ಮಾಡಿದ್ದೇವೆ. 52ರಲ್ಲಿ 29 ಜನ ಸಿಕ್ಕಿದ್ದಾರೆ. ಹುಡುಗಿಯರಂತೂ ನಾಲ್ಕೇ ಜನ. ಕೆಲವು ಹುಡುಗರನ್ನ ಸೇರಿಸಿದರೂ ಎರಡೇ ದಿನದಲ್ಲಿ ಲೆಫ್ಟ್ ಆಗ್ತಾರೆ. ಯಾಕೆ ಸಾರ್?
– ಬೆಂಗಳೂರಿನಲ್ಲಿರೋ ಮಂಡ್ಯದವನು

ಉತ್ತರ: ಹುಡುಗಿಯರನ್ನ ಫೇಸ್‌ಬುಕ್‌ನಲ್ಲಿ ಹುಡುಕಿದರೆ ಸಿಗಲ್ಲಪ್ಪ. ಹೆಸರಿನ ಮುಂದಿನ ಇನಿಷಿಯಲ್ ಬದಲಾಗಿರುತ್ತೆ, ಫೋಟೋ ಜಾಗದಲ್ಲಿ ಮಗು ಇರುತ್ತೆ. ಸ್ಕೂಲಿನ ದಾಖಲಾತಿ ಪುಸ್ತಕದಲ್ಲಿ ಪ್ರತಿಯೊಬ್ಬರ ಅಪ್ಪನ ಹೆಸರು, ಊರು ಇರುತ್ತೆ. ಹೆಡ್‌ಮಾಸ್ತರನ್ನ ಕೇಳಿ ಊರು ತಿಳಿದುಕೊಂಡು, ಸಿಕ್ಕಿರೋ ಆ ನಾಲ್ಕು ಜನ ಹೆಣ್ಣುಮಕ್ಕಳಿಗೇ ಮಿಕ್ಕವರ ತವರುಮನೆಯಲ್ಲಿ ವಿಚಾರಿಸೋಕೆ ಹೇಳಿ. ನೀವು ಗಂಡಸರು ನೇರ ಫೋನ್ ಮಾಡಿದರೆ ಅಲ್ಲಿ ಹತ್ತು ಪ್ರಶ್ನೆ ಏಳುತ್ತೆ, ಗೊತ್ತಲ್ವಾ.

ಲೆಫ್ಟ್ ಆಗೋ ಹುಡುಗರ ವಿಷಯ. ಗ್ರೂಪಿನಲ್ಲಿ ಮೊದಲ ವಾರ ಏನು ನಡೆಯಿತು ಅಂತ ಹಿಂದೆ ಹೋಗಿ ನೋಡಿ. ‘ಈಗ ಎಲ್ಲಿದ್ದೀಯ, ಏನ್ ಮಾಡ್ತಿದ್ದೀಯ’ ಅಂತ ರೋಲ್ ಕಾಲ್ ತಗೊಂಡಿರುತ್ತೀರಿ. ಕೆನಡಾ, ಇನ್ಫೋಸಿಸ್, ಸಬ್ ಇನ್‌ಸ್ಪೆಕ್ಟರ್ ಅಂತ ಬಂದ ಮೇಲೆ, ಹತ್ತರಲ್ಲಿ ಫೇಲಾಗಿ ಗಾರೆ ಕೆಲಸಕ್ಕೆ ಹೋದವನು ಏನಂತ ಟೈಪ್ ಮಾಡಬೇಕು?

ಇದು ನನಗೆ ಆಗಿದ್ದಕ್ಕೇ ಹೇಳುತ್ತಿದ್ದೇನೆ. 1976ರ ಮಾರ್ಚ್‌ನಲ್ಲಿ ನಾನು ಲೆಕ್ಕದಲ್ಲಿ ಡುಮ್ಕಿ. ಸಪ್ಲಿಮೆಂಟರಿ ಕಟ್ಟಿ ಪಾಸಾದೆ. ಮುಂದೆ ಎಷ್ಟೋ ವರ್ಷದ ಮೇಲೆ ನಮ್ಮ ಬ್ಯಾಚಿನವರು ಗುರುವಂದನೆ ಇಟ್ಟುಕೊಂಡರು. ಆಗ ನಾನೇ ಮೇಷ್ಟ್ರು, ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿದ್ದೆ. ಮೈಕಿನಲ್ಲಿ, ‘ಎಪ್ಪತ್ತಾರರ ಮಾರ್ಚ್‌ನಲ್ಲಿ ಪಾಸಾದವರೆಲ್ಲ ವೇದಿಕೆಗೆ ಬನ್ನಿ’ ಅಂದರು. ಕರೆದವನಿಗೆ ಕೆಟ್ಟ ಮನಸ್ಸಿರಲಿಲ್ಲ, ಹಾಳೆಯಲ್ಲಿ ಬರೆದಿದ್ದನ್ನ ಓದಿದ. ನಾನು ಚಪ್ಪಲಿ ಬಿಟ್ಟು ಮೆಟ್ಟಿಲ ಹತ್ತಿರ ಹೋದವನು, ನೀರು ಕುಡಿಯೋಕೆ ಎದ್ದೆ ಅನ್ನೋ ಹಾಗೆ ಪಕ್ಕಕ್ಕೆ ತಿರುಗಿದೆ. ಡ್ರಮ್ಮಿನ ಹತ್ತಿರ ಆಗಲೇ ಆರು ಜನ ಗೆಳೆಯರು ನೀರು ಕುಡಿಯುತ್ತಾ ನಿಂತಿದ್ದರು. ಯಾರಿಗೂ ಬಾಯಾರಿಕೆ ಆಗಿರಲಿಲ್ಲ.

ನಿಮ್ಮ ಆಹ್ವಾನದಲ್ಲಿ ‘2010ರಲ್ಲಿ ಪಾಸಾದವರು’ ಅಂತ ಹಾಕಬೇಡಿ, ‘2007ರಲ್ಲಿ ಎಂಟನೇ ಕ್ಲಾಸಿಗೆ ಸೇರಿದವರು’ ಅಂತ ಹಾಕಿ. ಆ ವರ್ಷ ನಿಮಗೆಲ್ಲ ಸರ್ಕಾರದ ಸೈಕಲ್ ಸಿಕ್ಕಿರಬೇಕು ಅಲ್ವಾ? ಗ್ರೂಪಿನಲ್ಲಿ ಕೆಲಸ ಕೇಳೋದು ಬಿಟ್ಟು, ನಿನ್ನ ಸೈಕಲ್ ಕೊನೆಗೆ ಏನಾಯ್ತು ಅಂತ ಕೇಳಿ ನೋಡಿ. ಒಬ್ಬನದ್ದು ಅಣ್ಣ ಮಾರಿಕೊಂಡಿರುತ್ತಾನೆ, ಒಬ್ಬನದ್ದರಲ್ಲಿ ಅಪ್ಪ ಈಗಲೂ ಹುಲ್ಲು ತರುತ್ತಿರುತ್ತಾರೆ. ಅದಕ್ಕೆ ಗಾರೆ ಕೆಲಸದವನೂ ಉತ್ತರ ಹೇಳಬಹುದು, ಕೆನಡಾದವನೂ ಹೇಳಬಹುದು.

ಪ್ರಶ್ನೆ: ಸರ್, ನಿಜ ಹೇಳಿ, ನಿಮಗೆ ನಾವೆಲ್ಲ ನೆನಪಿರ್ತೀವಾ?
– ಹಳೇ ವಿದ್ಯಾರ್ಥಿನಿ

ಉತ್ತರ: ಹೆಸರು ಜಾಸ್ತಿ ದಿನ ಉಳಿಯಲ್ಲಮ್ಮ. ಕೈಬರಹ ಉಳಿಯುತ್ತೆ. ಹೋದ ತಿಂಗಳು ಬ್ಯಾಂಕಿನಲ್ಲಿ ನನ್ನ ಮುಂದೆ ನಿಂತಿದ್ದವನು ಚಲನ್ ತುಂಬುತ್ತಿದ್ದ, ನಲವತ್ತರ ಆಸುಪಾಸು, ತಲೆ ಅರ್ಧ ಬೋಳು. ಕನ್ನಡದಲ್ಲಿ ಬರೆಯುತ್ತಿದ್ದಾನಲ್ಲ ಅಂತ ಇಣುಕಿದೆ. ‘ಣ’ ಅಕ್ಷರದ ಬಾಲವನ್ನ ಕೆಳಗಿನ ಸಾಲಿನವರೆಗೆ ಎಳೆದಿದ್ದ. ಆ ಬಾಲಕ್ಕೆ ನಾನು ಮೂರು ವರ್ಷ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದೇನೆ. ‘ಇನ್ನೂ ತಿದ್ದಿಕೊಂಡಿಲ್ವೇನೋ’ ಅಂದೆ. ಬೆಚ್ಚಿಬಿದ್ದು ತಿರುಗಿ ನೋಡಿ, ಎಲ್ಲರೆದುರೇ ಕಾಲು ಮುಟ್ಟಿದ. ಹೆಸರು ಕೇಳೋಕೆ ನಾಚಿಕೆಯಾಗಿ, ಚಲನ್ ಮೇಲೆ ನೋಡಿ ತಿಳಿದುಕೊಂಡೆ.