‘ಇವತ್ತು ಇದು, ನಾಳೆ ಅದು’ ಎನ್ನುವ ಮೊದಲು

ನಮಸ್ಕಾರ.

ದಯಾಮರಣದ ಬಗ್ಗೆ ನೀವು ಕಳಿಸಿದ ಲೇಖನವನ್ನು ನಿಧಾನವಾಗಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗಂತ ವಿಷಯ ಕೈಬಿಡಬೇಡಿ. ಒಂದಕ್ಕೆ ಒಪ್ಪಿದರೆ ಮುಂದೆ ಇನ್ನೂ ಕೆಟ್ಟದ್ದಕ್ಕೂ ದಾರಿಯಾಗುತ್ತದೆ ಅನ್ನೋ ನಿಮ್ಮ ಭಯಕ್ಕೆ ಆಧಾರ ಇದೆ, ಅದು ಲೇಖನದೊಳಗೆ ಬಂದಿಲ್ಲ ಅಷ್ಟೇ.

ನಿಮ್ಮ ಮೂರನೇ ಪ್ಯಾರಾ ನೋಡಿ. ‘ಇವತ್ತು ವೆಂಟಿಲೇಟರ್ ತೆಗೆಯಲು ಒಪ್ಪಿಗೆ. ನಾಳೆ ಇಂಜೆಕ್ಷನ್ ಕೊಡಲು ಒಪ್ಪಿಗೆ. ನಾಡಿದ್ದು ಅಂಗವಿಕಲರ ಸರದಿ. ಆಮೇಲೆ ಮನೆಗೆ ಬೇಡವಾದ ಮುದುಕರ ಸರದಿ.’ ಓದಿದರೆ ಮೈ ಜುಮ್ಮೆನ್ನುತ್ತದೆ. ಆದರೆ ನಾಲ್ಕು ವಾಕ್ಯಗಳ ನಡುವೆ ಮೂರು ಜಿಗಿತಗಳಿವೆ. ಒಂದರಿಂದ ಇನ್ನೊಂದಕ್ಕೆ ನಮ್ಮನ್ನು ಕರೆದೊಯ್ಯುವವರು ಯಾರು? ಕೋರ್ಟೇ, ಸರ್ಕಾರವೇ, ಆಸ್ಪತ್ರೆಯೇ, ಮನೆಯವರೇ? ಎಲ್ಲೂ ಹೇಳಿಲ್ಲ. ಒಂದೊಂದು ಜಿಗಿತವೂ ನೂರಕ್ಕೆ 70ರಷ್ಟು ಸಾಧ್ಯ ಎಂದೇ ಇಟ್ಟುಕೊಳ್ಳಿ. ಮೂರೂ ಆಗುವ ಸಾಧ್ಯತೆ ನೂರಕ್ಕೆ 34ಕ್ಕೆ ಇಳಿಯುತ್ತದೆ. ನೀವು ಮಾತ್ರ ಕೊನೆಯದ್ದು ಆಗಿಯೇ ಬಿಟ್ಟಿದೆ ಅನ್ನೋ ಹಾಗೆ ಬರೆದಿದ್ದೀರಿ.

ಒಂದು ಹೆಜ್ಜೆ ಇಟ್ಟರೆ ಜಾರುತ್ತಾ ತಳಕ್ಕೇ ಹೋಗುತ್ತೇವೆ ಅನ್ನೋ ಇಳಿಜಾರಿನ ವಾದವನ್ನು ತರ್ಕದ ಪುಸ್ತಕಗಳು ತಪ್ಪುಗಳ ಪಟ್ಟಿಯಲ್ಲಿ ಇಡುವುದು ಇಂಥ ಕಡೆಯೇ. ಆದರೆ ಆ ಪಟ್ಟಿ ತೋರಿಸಿ ಇಂಥ ವಾದಗಳನ್ನೆಲ್ಲ ತಳ್ಳಿಹಾಕುವವರನ್ನೂ ನಾನು ಒಪ್ಪುವುದಿಲ್ಲ. ಬೆರಳು ಕೊಟ್ಟರೆ ಹಸ್ತ ನುಂಗುವುದು ಕೆಲವು ಕಡೆ ನಿಜವಾಗಿಯೂ ನಡೆಯುತ್ತದೆ. ಎಲ್ಲಿ, ಹೇಗೆ ಅನ್ನೋದನ್ನು ತೋರಿಸಬೇಕು.

ಕೆನಡಾ ನೋಡಿ. ನೀವು ಅದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅಲ್ಲಿ 2016ರ ಕಾನೂನು, ಸಾವು ಹತ್ತಿರದಲ್ಲಿದೆ ಎಂದು ಕಾಣುವ ರೋಗಿಗಳಿಗೆ ಮಾತ್ರ ವೈದ್ಯರ ನೆರವಿನಿಂದ ಸಾಯಲು ಅವಕಾಶ ಕೊಟ್ಟಿತ್ತು. ಇಬ್ಬರು ಅಂಗವಿಕಲರು ಕ್ವಿಬೆಕ್‌ನ ಕೋರ್ಟಿಗೆ ಹೋದರು. ನಮ್ಮ ನರಳಾಟವೂ ಅಷ್ಟೇ ದೊಡ್ಡದು, ನಮಗೆ ಯಾಕೆ ಇಲ್ಲ ಎಂದು ಕೇಳಿದರು. 2019ರಲ್ಲಿ ಕೋರ್ಟು ಆ ಮಿತಿ ಸಂವಿಧಾನಕ್ಕೆ ವಿರುದ್ಧ ಎಂದಿತು. ಕೇಂದ್ರ ಸರ್ಕಾರ ಮೇಲ್ಮನವಿ ಹಾಕಲಿಲ್ಲ. 2021ರಲ್ಲಿ ಕಾನೂನೇ ಬದಲಾಯಿತು. ಅಂಗವಿಕಲರ ಹಲವು ಸಂಘಟನೆಗಳೇ ಈ ಬದಲಾವಣೆಯನ್ನು ವಿರೋಧಿಸಿದವು, ಅದನ್ನೂ ಬರೆಯಬೇಕು. ಇಲ್ಲಿ ಜಿಗಿತಕ್ಕೆ ಕಾರಣ ಕಣ್ಣಿಗೆ ಕಾಣುತ್ತದೆ. ಒಬ್ಬರಿಗೆ ಹಕ್ಕು ಎಂದು ಕೊಟ್ಟ ಮೇಲೆ, ಅಂಥದ್ದೇ ಸ್ಥಿತಿಯ ಇನ್ನೊಬ್ಬರಿಗೆ ಇಲ್ಲ ಅನ್ನಲು ಕಾರಣ ಕೊಡಬೇಕಾಗುತ್ತದೆ. ಕಾನೂನಿನಲ್ಲಿ ಇಳಿಜಾರು ಹುಟ್ಟುವ ದಾರಿಗಳಲ್ಲಿ ಇದು ಮುಖ್ಯವಾದದ್ದು.

ಪಕ್ಕದಲ್ಲೇ ಅಮೆರಿಕದ ಒರೆಗಾನ್ ರಾಜ್ಯವನ್ನೂ ಇಡಿ. ವೈದ್ಯರು ಬರೆದುಕೊಟ್ಟ ಔಷಧಿಯಿಂದ ಸಾಯಲು ಅವಕಾಶ ಕೊಡುವ ಅಲ್ಲಿನ ಕಾನೂನು 1997ರಲ್ಲಿ ಜಾರಿಗೆ ಬಂತು. ಕಾಯುವ ಅವಧಿ, ಆ ರಾಜ್ಯದವರೇ ಆಗಿರಬೇಕೆಂಬ ನಿಯಮ, ಇವು ಸಡಿಲವಾಗಿವೆ. ಆದರೆ ವಯಸ್ಕರಾಗಿರಬೇಕು, ಆರು ತಿಂಗಳೊಳಗೆ ಸಾವು ಬರುವಂಥ ಕಾಯಿಲೆ ಇರಬೇಕು, ಔಷಧಿಯನ್ನು ತಾವೇ ಸೇವಿಸಬೇಕು ಅನ್ನೋ ಮೂಲ ಷರತ್ತುಗಳು ಹಾಗೇ ನಿಂತಿವೆ. ಇದನ್ನು ಬಿಟ್ಟು ಕೆನಡಾ ಒಂದನ್ನೇ ತೋರಿಸಿದರೆ ಓದುಗರಿಗೆ ಮೋಸ ಮಾಡಿದ ಹಾಗಲ್ವಾ?

ಈಗ ನಮ್ಮ ದೇಶಕ್ಕೆ ಬನ್ನಿ. ಮೊದಲು ಒಂದು ತಿದ್ದುಪಡಿ. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಹೊರಡಿಸಿದ್ದು ‘ದಯಾಮರಣ ಕಾಯ್ದೆ’ ಅಲ್ಲ. ಚೇತರಿಸಿಕೊಳ್ಳುವ ಆಸೆಯೇ ಇಲ್ಲದ ರೋಗಿಗಳ ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ ಮಾರ್ಗಸೂಚಿಯನ್ನು ಜಾರಿ ಮಾಡುವ ಸುತ್ತೋಲೆ. ಇಂಜೆಕ್ಷನ್ ಕೊಟ್ಟು ಸಾಯಿಸಲು ಅದು ಅವಕಾಶ ಕೊಡುವುದಿಲ್ಲ.

ನೀವು ನೋಡಲೇಬೇಕಾದದ್ದು ಈ ತೀರ್ಪುಗಳ ಸಾಲು. 1994ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು, ಆತ್ಮಹತ್ಯೆಗೆ ಯತ್ನಿಸಿದವರನ್ನು ಶಿಕ್ಷಿಸುವ ಕಲಂ ಸಂವಿಧಾನಕ್ಕೆ ವಿರುದ್ಧ ಎಂದರು. 1996ರಲ್ಲಿ ಗ್ಯಾನ್ ಕೌರ್ ಪ್ರಕರಣದಲ್ಲಿ ಐವರ ಪೀಠ ಅದನ್ನು ತಿರುಗಿಸಿತು. ಬದುಕುವ ಹಕ್ಕಿನಲ್ಲಿ ಸಾಯುವ ಹಕ್ಕು ಸೇರಿಲ್ಲ ಎಂದಿತು. ಇಟ್ಟ ಹೆಜ್ಜೆಯನ್ನು ವಾಪಸ್ ತೆಗೆದುಕೊಂಡಿದ್ದು ಹೀಗೆ. ನಿಮ್ಮ ಲೇಖನದ ಇಳಿಜಾರಿನಲ್ಲಿ ಯಾರೂ ವಾಪಸ್ ಹತ್ತುವುದೇ ಇಲ್ಲ. ಆದರೆ ಅದೇ ತೀರ್ಪಿನಲ್ಲಿ, ಸಾವಿನ ಅಂಚಿನಲ್ಲಿರುವವರು ಘನತೆಯಿಂದ ಸಾಯುವ ಬಗ್ಗೆಯೂ ಮಾತಿತ್ತು. ಮುಂಬೈನ ನರ್ಸ್ ಅರುಣಾ ಶಾನಭಾಗ್ ಅವರ ಪ್ರಕರಣದ 2011ರ ತೀರ್ಪು, ಆಮೇಲೆ 2018ರ ಐವರ ಪೀಠದ ತೀರ್ಪು, ಎರಡೂ ಆ ಮಾತಿನ ಮೇಲೆ ಒರಗಿ, ಜೀವರಕ್ಷಕ ಚಿಕಿತ್ಸೆ ನಿಲ್ಲಿಸಲು ಷರತ್ತಿನ ಮೇಲೆ ಅವಕಾಶ ಕೊಟ್ಟವು. ಬಾಗಿಲು ಮುಚ್ಚಿದ ತೀರ್ಪಿನಿಂದಲೇ ಮುಂದಿನ ಬಾಗಿಲು ತೆರೆಯಿತು. ಹೇಳುವ ಸ್ಥಿತಿಯಲ್ಲಿ ಇಲ್ಲದಾಗ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಜೀವಂತ ಉಯಿಲಿಗೆ 2018ರಲ್ಲಿ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರಲ್ಲಿ ನೋಟರಿಯ ಸಹಿ ಸಾಕು ಎಂದಾಯಿತು. ಇದು ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಮೊದಲಿನ ನಿಯಮ ಆಸ್ಪತ್ರೆಗಳಲ್ಲಿ ನಡೆಯುವಂಥದ್ದೇ ಆಗಿರಲಿಲ್ಲ. ಆದರೆ ನಿಮ್ಮ ವಾದಕ್ಕೆ ಬೇಕಾದ ಗಟ್ಟಿ ಸಾಮಗ್ರಿ ಇದೇ, ನೀವು ಅದನ್ನು ಮುಟ್ಟಿಯೇ ಇಲ್ಲ.

ಲೇಖನದ ಅತ್ಯುತ್ತಮ ಸಾಲು ಕೊನೆಯ ಪುಟದಲ್ಲಿ ಅಡಗಿದೆ: ‘ಐಸಿಯು ಬಿಲ್ ನೋಡಿದ ಮಗನ ಒಪ್ಪಿಗೆ ಎಂಥ ಒಪ್ಪಿಗೆ?’ ಅಲ್ಲಿಂದಲೇ ಶುರು ಮಾಡಿ. ದುಡ್ಡು ಮುಗಿದ ಮೇಲೆ, ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದುಕೊಂಡು ಹೋಗುತ್ತಿದ್ದೇವೆ ಎಂದು ಸಹಿ ಹಾಕಿ ರೋಗಿಯನ್ನು ಮನೆಗೆ ಒಯ್ಯುವುದು ನಮ್ಮಲ್ಲಿ ಹೊಸದೇನಲ್ಲ. ಅಲ್ಲಿ ವೈದ್ಯರ ಮಂಡಳಿ ಇರುವುದಿಲ್ಲ, ನೋವು ತಗ್ಗಿಸುವ ಆರೈಕೆಯೂ ಎಷ್ಟೋ ಸಲ ಇರುವುದಿಲ್ಲ. ಹೊಸ ಮಾರ್ಗಸೂಚಿಯಲ್ಲಿ ಮೂವರು ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು. ಹಾಗಾದರೆ ಇದು ಆ ಒತ್ತಡವನ್ನು ಹೆಚ್ಚಿಸುತ್ತದೋ, ಅದಕ್ಕೆ ತಡೆ ಹಾಕುತ್ತದೋ? ಎರಡೂ ಕಡೆ ಹೇಳುವುದಕ್ಕಿದೆ. ನಿಮ್ಮ ಉತ್ತರ ಏನೆಂದು ಓದಲು ನನಗೆ ನಿಜಕ್ಕೂ ಆಸೆಯಿದೆ.

ಮೂರನೇ ಪ್ಯಾರಾ ಪೂರ್ತಿ ತೆಗೆಯಿರಿ. ಹಿಟ್ಲರ್ ಕಾಲದ ಜರ್ಮನಿಯ ಪ್ರಸ್ತಾಪವನ್ನೂ ತೆಗೆಯಿರಿ. ಅಲ್ಲಿ ರೋಗಿಗಳ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ, ಹೋಲಿಕೆ ನಿಲ್ಲುವುದಿಲ್ಲ. ಮೂರು ಜಿಗಿತಗಳ ಬದಲು ಒಂದನ್ನೇ ಹಿಡಿದು ಬರೆಯಿರಿ: ಬಿಲ್ಲಿನಿಂದ ಒಪ್ಪಿಗೆಯವರೆಗೆ. ಐಸಿಯುನಲ್ಲಿ ಕೆಲಸ ಮಾಡುವ ಒಬ್ಬ ವೈದ್ಯರನ್ನೂ, ಸಹಿ ಹಾಕಿ ರೋಗಿಯನ್ನು ಮನೆಗೆ ಕರೆತಂದ ಒಂದು ಕುಟುಂಬವನ್ನೂ ಮಾತಾಡಿಸಿ. ಬರೆದು ಮುಗಿದ ಕೂಡಲೇ ಕಳಿಸಿ.