ಗಿರಾಕಿಯ ಹೆಸರು ರಾತ್ರಿ ಹನ್ನೊಂದಕ್ಕೆ ನೆನಪಾಯಿತು

ಪ್ರಶ್ನೆ: ನನಗೆ 58 ವರ್ಷ. ಶಿರಸಿ ಹತ್ತಿರ ಕಿರಾಣಿ ಅಂಗಡಿ ಇದೆ. ಮೊದಲೆಲ್ಲ ಇಪ್ಪತ್ತು ಸಾಮಾನಿನ ಲೆಕ್ಕ ಬಾಯಲ್ಲೇ ಹೇಳುತ್ತಿದ್ದೆ. ಈಗ ಹಳೇ ಗಿರಾಕಿಯ ಹೆಸರೇ ನಾಲಿಗೆಗೆ ಬರುವುದಿಲ್ಲ. ಮೊನ್ನೆ ಒಬ್ಬರಿಗೆ ಎರಡು ಸಲ ಚಿಲ್ಲರೆ ಕೊಟ್ಟೆ. ಮಗ ಬಿಲ್ಲಿಂಗ್ ಮಷಿನ್ ತಂದಿಟ್ಟು "ಅಪ್ಪಾ, ನೀನು ಮನೇಲಿರು" ಅನ್ನುತ್ತಾನೆ. ನನ್ನ ಅಮ್ಮನಿಗೆ ಕೊನೆಗಾಲದಲ್ಲಿ ಮರೆವಿನ ಕಾಯಿಲೆ ಇತ್ತು. ದುಡ್ಡು ಕಟ್ಟಿ ಮೆದುಳಿನ ಆಟದ ಆಪ್ ಹಾಕಿಕೊಂಡಿದ್ದೇನೆ. ಅಂಗಡಿ ಬಿಟ್ಟುಕೊಡಲಾ?

ಉತ್ತರ: ಬಿಡಬೇಡಿ. ಇಷ್ಟಕ್ಕೇ ಬೇಡ.

ನಿಮ್ಮ ಕಾಗದ ನಾಲ್ಕು ಪುಟ ಇತ್ತು. ಅದರಲ್ಲಿ ಮೂರು ಸಂಗತಿಗಳನ್ನು ನೀವು ಸುಮ್ನೆ ಬರೆದು ಮುಂದೆ ಹೋಗಿದ್ದೀರಿ. ಆ ಗಿರಾಕಿಯ ಹೆಸರು ರಾತ್ರಿ ಹನ್ನೊಂದಕ್ಕೆ, ಸೊಳ್ಳೆಪರದೆ ಕಟ್ಟುವಾಗ ನೆನಪಾಯಿತು. ಚಿಲ್ಲರೆ ಕೊಡುವಾಗ ಕಿವಿಯಲ್ಲಿ ಫೋನ್ ಇತ್ತು. ಇತ್ತೀಚೆಗೆ ಜನ "ಗೊಣಗೊಣ ಮಾತಾಡುತ್ತಾರೆ". ನನ್ನ ಕಣ್ಣು ನಿಂತದ್ದು ಇವುಗಳ ಮೇಲೆ.

ರಾತ್ರಿ ನೆನಪಾಯಿತು ಅಂದರೆ ಹೆಸರು ಒಳಗೇ ಇತ್ತು, ಕೈಗೆ ಸಿಗಲಿಲ್ಲ ಅಷ್ಟೇ. ಆತನ ಮನೆ, ಒಯ್ಯುವ ಅಕ್ಕಿ, ಉದ್ರಿ ಬಾಕಿ ಎಲ್ಲ ನಿಮಗೆ ಗೊತ್ತಿತ್ತಲ್ವಾ? ವಯಸ್ಸಾದಂತೆ ಮೊದಲು ಕೈಕೊಡುವುದು ಹೆಸರುಗಳೇ. ಚಿಲ್ಲರೆಯದ್ದು ಮರೆವೇ ಅಲ್ಲ. ಗಮನ ಫೋನಿನಲ್ಲಿತ್ತು, ಮೊದಲ ಸಲ ಕೊಟ್ಟದ್ದು ತಲೆಯೊಳಗೆ ದಾಖಲೇ ಆಗಲಿಲ್ಲ. ಜಮಾ ಮಾಡದ ದುಡ್ಡು ಖಾತೆಯಲ್ಲಿ ಎಲ್ಲಿಂದ ಸಿಗಬೇಕು?

ಮೂರನೆಯದನ್ನು ಮಾತ್ರ ಹಗುರವಾಗಿ ತಗೋಬೇಡಿ. ಜನ ಗೊಣಗುತ್ತಿಲ್ಲ, ನಿಮಗೆ ಕಿವಿ ಮಂದವಾಗಿರಬಹುದು. ಸರಿಯಾಗಿ ಕೇಳಿಸದ ಮಾತು ನೆನಪಿನಲ್ಲಿ ಉಳಿಯುವುದೂ ಕಷ್ಟ. 2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ತಂಡ ಮರೆವಿನ ಕಾಯಿಲೆಗೆ ಸಂಬಂಧಪಟ್ಟ, ನಾವು ಬದಲಿಸಬಹುದಾದ 14 ಅಂಶಗಳನ್ನು ಹೆಸರಿಸಿತು. ಕಿವಿ ಮಂದವಾಗುವುದು ಅದರಲ್ಲಿ ಒಂದು. ಬಿಪಿ, ಸಕ್ಕರೆ ಕಾಯಿಲೆ, ಒಂಟಿತನವೂ ಇವೆ. ಹಾಗಾಗಿ ಕಿವಿ ತೋರಿಸಿ. ಜೊತೆಗೆ ವಿಟಮಿನ್ ಬಿ12, ಥೈರಾಯ್ಡ್, ಸಕ್ಕರೆ ಪರೀಕ್ಷೆ ಮಾಡಿಸಿ. ಬಿ12 ಕಮ್ಮಿಯಾದರೂ, ಥೈರಾಯ್ಡ್ ಏರುಪೇರಾದರೂ ತಲೆ ಮಂಕಾಗುತ್ತದೆ, ಎರಡಕ್ಕೂ ಔಷಧಿ ಇದೆ. ಮಾಂಸ ಮೀನು ತಿನ್ನದವರಲ್ಲಿ ಬಿ12 ಕೊರತೆ ಜಾಸ್ತಿ. ನೆನಪಿಗೆ ಒಳ್ಳೆಯದೆಂದು ಮನೆಯವರು ದಿನಾ ಮಾಡುವ ಒಂದೆಲಗದ ತಂಬುಳಿಯನ್ನು ಖುಷಿಯಾಗಿ ಉಣ್ಣಿ (ನನಗೂ ಇಷ್ಟ), ಆದರೆ ಅದನ್ನು ನಂಬಿಕೊಂಡು ರಕ್ತ ಪರೀಕ್ಷೆ ಮುಂದೆ ಹಾಕಬೇಡಿ.

ಆಪ್ ತೆಗೆದುಬಿಡಿ. ಆ ಆಟ ಆಡಿದರೆ ಆ ಆಟವೇ ಚೆನ್ನಾಗಿ ಬರುತ್ತದೆ. ಗಿರಾಕಿಯ ಹೆಸರು ಬರುತ್ತದೆ ಅನ್ನಲಾಗದು. ಇಂಥದ್ದೇ ಆಟ ಮಾರುವ ಲುಮಾಸಿಟಿ ಕಂಪನಿ ಅತಿಯಾಗಿ ಹೇಳಿಕೊಂಡಿತೆಂಬ ದೂರಿನ ಮೇಲೆ 2016ರಲ್ಲಿ ಅಮೆರಿಕದಲ್ಲಿ 20 ಲಕ್ಷ ಡಾಲರ್ ಕಟ್ಟಬೇಕಾಯಿತು.

ನಿಮ್ಮ ಗಲ್ಲಾಪೆಟ್ಟಿಗೆಯ ಮುಂದೆ ಅದಕ್ಕಿಂತ ಒಳ್ಳೆಯ ಕಸರತ್ತು ಇದೆ. ಮಷಿನ್ ಮೊತ್ತ ತೋರಿಸುವ ಮೊದಲೇ ಬಾಯಲ್ಲಿ ಲೆಕ್ಕ ಹೇಳಿ. "ಕಾಲು ಕಿಲೋ ಬೆಲ್ಲ, ಅರ್ಧ ಕಿಲೋ ತೊಗರಿಬೇಳೆ" ಅಂತ ಕೂಡಿಸುತ್ತಾ ಹೋಗಿ, ಆಮೇಲೆ ಪರದೆ ನೋಡಿ. ಸಂಜೆ ಉದ್ರಿ ಪುಸ್ತಕ ತೆರೆಯುವ ಮೊದಲು ಇವತ್ತು ಯಾರ್‍ಯಾರು ಎಷ್ಟು ಬರೆಸಿದರು ಎಂದು ನೆನೆಸಿಕೊಳ್ಳಿ. ತಪ್ಪಿದರೆ ತಪ್ಪಲಿ. ಓದಿದ್ದನ್ನೇ ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನೆಸಿಕೊಂಡರೆ ಹೆಚ್ಚು ದಿನ ಉಳಿಯುತ್ತದೆ. 2006ರಲ್ಲಿ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಕಾಲೇಜು ಹುಡುಗರ ಮೇಲೆ ಪ್ರಯೋಗ ಮಾಡಿ ನೋಡಿದಾಗಲೂ ಹೀಗೇ ಆಯಿತು. ಐದು ನಿಮಿಷದ ನಂತರ ಮತ್ತೆ ಓದಿದವರೇ ಮುಂದಿದ್ದರು, ವಾರ ಕಳೆದಾಗ ನೆನೆಸಿಕೊಂಡವರು ಮುಂದಾದರು. ನಾವು ಮಗ್ಗಿ ಒಪ್ಪಿಸಿದ್ದು ಹಾಗೇ ತಾನೇ.

ಇನ್ನು ನಿದ್ದೆ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯುವವರು ಹನ್ನೆರಡರ ತನಕ ಫೋನ್ ನೋಡುತ್ತೀರಿ. ಹಗಲಿನದ್ದನ್ನು ಮೆದುಳು ಗಟ್ಟಿ ಮಾಡಿಕೊಳ್ಳುವುದೇ ನಿದ್ದೆಯಲ್ಲಿ. ಇಲ್ಲಿ ನನ್ನ ಹತ್ತಿರ ಬೇರೆ ಉಪಾಯವಿಲ್ಲ. ಬೇಗ ಮಲಗಿ.

ಅಮ್ಮನಿಗೆ ಇತ್ತು, ನನಗೂ ಬಂತು ಎಂಬ ಹೆದರಿಕೆ ಅರ್ಥವಾಗುತ್ತದೆ. ಅಪ್ಪ ಅಮ್ಮನಿಗೆ ಇದ್ದರೆ ಅಪಾಯ ಸ್ವಲ್ಪ ಜಾಸ್ತಿ ನಿಜ, ಆದರೆ ಬಂದೇ ಬರುತ್ತದೆ ಅಂತಲ್ಲ. ಗೊತ್ತಿರುವ ದಾರಿ ತಪ್ಪಿದರೆ, ಹೇಳಿದ್ದನ್ನೇ ಹತ್ತು ನಿಮಿಷಕ್ಕೆ ಮತ್ತೆ ಕೇಳಿದರೆ, ದಿನನಿತ್ಯದ ಲೆಕ್ಕ ಗೊಂದಲವಾಗತೊಡಗಿದರೆ ತಡ ಮಾಡದೆ ನರರೋಗ ತಜ್ಞರ ಹತ್ತಿರ ಹೋಗಿ. ಇಂಥದ್ದು ನಮಗಿಂತ ಮೊದಲು ಮನೆಯವರ ಕಣ್ಣಿಗೆ ಬೀಳುತ್ತದೆ, ಅವರನ್ನೂ ಕೇಳಿ ನೋಡಿ.

ಮಗನ ಮೇಲೆ ಸಿಟ್ಟು ಬೇಡ. ಜಿಎಸ್‌ಟಿ, ಸ್ಟಾಕು ಅವನು ನೋಡಲಿ, ಗಲ್ಲಾದಲ್ಲಿ ನೀವು ಕೂತುಕೊಳ್ಳಿ. ಒಂದು ಮಾತು ಅವನಿಗೂ: ಅಪ್ಪ ತಡವರಿಸಿದಾಗ ಗಿರಾಕಿ ಮುಂದೆ ನೀನೇ ಹೆಸರು ಹೇಳಿಬಿಡಬೇಡಪ್ಪ. ಸ್ವಲ್ಪ ಹೊತ್ತು ಬಿಡು, ಅವರೇ ಹೇಳುತ್ತಾರೆ. ಹೇಳದಿದ್ದರೆ ಗಿರಾಕಿಯನ್ನೇ ಕೇಳಲಿ, "ಹೆಸರು ಬಾಯಿಗೆ ಬರ್ತಾ ಇಲ್ಲ ಮಾರಾಯಾ" ಅಂತ.